ನಾವೆಯ ಮೂತಿ: ಕಸುಬಿನ ಕಾರಣ ಮತ್ತು ಕಥನದ ಕಾರಣ

ನೀರಿನ ಮೇಲೆ ಚಲಿಸುವ ಯಾವುದೇ ಸಾಧನದಲ್ಲಿ ನೋಡುಗರ ಕಣ್ಣನ್ನು ಮೊದಲು ಸೆಳೆಯುವುದು ಅದರ ಮುಂಭಾಗ. ಹಡಗು, ದೋಣಿ, ನಾವೆಗಳ ಈ ಭಾಗವನ್ನು ಪ್ರಸ್ತುತ ಲೇಖನದಲ್ಲಿ 'ಮೂತಿ' ಎಂದು ಕರೆಯಲಾಗಿದೆ. ಪ್ರಾಣಿಗಳ ಮುಖಕ್ಕೆ ಸಲ್ಲುವ ಈ ಪದ ನಾವೆಗೂ ಸಲ್ಲುತ್ತದೆ. ಏಕೆಂದರೆ ಲೋಕದ ಅನೇಕ ಜನಸಮುದಾಯಗಳು ನಾವೆಯನ್ನು ಜೀವವುಳ್ಳದ್ದೆಂದೇ ಭಾವಿಸಿ ಅದಕ್ಕೆ ಕಣ್ಣು, ಬಾಯಿ, ತಲೆಗಳನ್ನು ಕಲ್ಪಿಸಿವೆ. ಕೆಲವು ಮೂತಿಗಳು ಹಾವಿನಂತೆ ಸುರುಳಿ ಸುತ್ತಿವೆ, ಕೆಲವು ಬಾಚಣಿಗೆಯಂತೆ ಹಲ್ಲು ತಳೆದಿವೆ, ಕೆಲವು ನೀರಿನೊಳಗೆ ಗೆಡ್ಡೆಯಂತೆ ಉಬ್ಬಿವೆ. ಕೆಲವು ನಾವೆಗಳಿಗೆ ಮೂತಿಯೇ ಇಲ್ಲ. ಇಂತಹ ಅಪೂರ್ವ ಆಕಾರಗಳನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಹೇಗೆ ಅರ್ಥೈಸಬೇಕು ಎಂಬುದು ಈ ಲೇಖನದ ಪ್ರಶ್ನೆ.

ಈ ಪ್ರಶ್ನೆ ನನಗೆ ಎದುರಾದದ್ದು ಗ್ರಂಥಾಲಯದಲ್ಲಿ ಅಲ್ಲ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಉಡುಪಿ ಜಿಲ್ಲೆಯ ಉತ್ತರ ಭಾಗದ ಕಡಲ ದಂಡೆಯಲ್ಲಿ ಕ್ಷೇತ್ರಕಾರ್ಯ ಮಾಡುತ್ತಿದ್ದೆ. ದಂಡೆಯ ಮೇಲೆ ಮಗುಚಿ ಹಾಕಿದ್ದ ಒಂದು ಹಳೆಯ ಮರದ ದೋಣಿಯ ಮೇಲೆತ್ತಿದ ಮೂತಿಯ ಚಿತ್ರ ಬಿಡಿಸಿಕೊಂಡು, ಅದರ ಕೆಳಗೆ 'ಅಲಂಕಾರ' ಎಂದು ಬರೆದುಕೊಂಡೆ. ಊರವರು 'ಆಚಾರ್ರು' ಎಂದು ಕರೆಯುತ್ತಿದ್ದ ವೃದ್ಧ ಬಡಗಿಯೊಬ್ಬರು ನನ್ನ ಪಕ್ಕದಲ್ಲಿ ನಿಂತು ಅದೇನು ಬರೆದಿರಿ ಎಂದು ವಿಚಾರಿಸಿದರು. ಹೇಳಿದೆ. ಅವರು ನಗಲಿಲ್ಲ. ಮರಳಿನ ಮೇಲೆ ಬೆರಳಿನಿಂದ ಒಂದು ಅಲೆಯ ಗೆರೆ ಎಳೆದರು. ದಡದಿಂದ ನೂಕಿದ ದೋಣಿ ಮೊದಲ ಅಲೆಯನ್ನು ಸಂಧಿಸುವ ಕ್ಷಣದಲ್ಲಿ ಮೂತಿ ತಗ್ಗಿದ್ದರೆ ಅದು ಅಲೆಯೊಳಕ್ಕೆ ಇಳಿಯುತ್ತದೆ, ಎತ್ತಿದ್ದರೆ ಅಲೆಯ ಮೇಲೆ ಏರುತ್ತದೆ ಎಂದು ತೋರಿಸಿದರು. ಹಿಂದಕ್ಕೆ ಎಳೆದು ತರುವಾಗ ನಾಲ್ಕು ಜನರ ಕೈಗೆ ಹಿಡಿತ ಸಿಗುವುದೂ ಅಲ್ಲಿಯೇ ಎಂದರು. ಆಮೇಲೆ, ತಮ್ಮ ಅಜ್ಜ ಹೇಳುತ್ತಿದ್ದುದೆಂದು, ಕಡಲಿಗೆ ಇಳಿಯುವ ದೋಣಿ ತಲೆ ತಗ್ಗಿಸಬಾರದು ಎಂಬ ಮಾತನ್ನೂ ಸೇರಿಸಿದರು. ನಾನು ಒಂದು ಪದದಲ್ಲಿ ಮುಗಿಸಿದ್ದಕ್ಕೆ ಅವರ ಬಳಿ ಎರಡು ಕಾರಣಗಳಿದ್ದವು. ಒಂದನ್ನು 'ಕಸುಬಿನ ಕಾರಣ' ಎಂದೂ ಇನ್ನೊಂದನ್ನು 'ಕಥನದ ಕಾರಣ' ಎಂದೂ ಇಲ್ಲಿ ಹೆಸರಿಸಿದ್ದೇನೆ. ಇವೆರಡೂ ಕೆಲವೊಮ್ಮೆ ಜೊತೆಯಾಗಿ ನಡೆಯುತ್ತವೆ, ಕೆಲವೊಮ್ಮೆ ಒಂದು ಸತ್ತ ಮೇಲೆ ಇನ್ನೊಂದು ಅದರ ಜಾಗದಲ್ಲಿ ಕೂರುತ್ತದೆ. ಈ ಬದಲಾವಣೆಯನ್ನು ಗುರುತಿಸುವುದೇ ವಸ್ತು ಸಂಸ್ಕೃತಿಯ ಅಧ್ಯಯನದಲ್ಲಿ ಮುಖ್ಯವಾದ ಕೆಲಸವೆಂದು ನನ್ನ ಅಭಿಪ್ರಾಯ.

1. ಮೂತಿಯಿಲ್ಲದ ನಾವೆ

ಮೊದಲಿಗೆ ನಮ್ಮ ನಾಡಿನ ಹರಿಗೋಲನ್ನೇ ಗಮನಿಸಬಹುದು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಗೆ ಚರ್ಮ ಹೊದಿಸಿ ಮಾಡುತ್ತಿದ್ದ ಈ ದುಂಡು ನಾವೆಗೆ ಹಿಂದೆ ಮುಂದೆ ಎಂಬುದಿಲ್ಲ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಆಕಾರ ಮಾತ್ರ ಬದಲಾಗಿಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡೆಗೆ ನದಿ ದಾಟುವ ಈ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಅವುಗಳಲ್ಲಿ ಹದಿನೈದು ಇಪ್ಪತ್ತು ಜನ ಕೂರಬಹುದೆಂದೂ, ಅಗತ್ಯಬಿದ್ದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದೆಂದೂ, ಆದರೆ ಅವು ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆಂದೂ ಆತ ದಾಖಲಿಸಿದ್ದಾನೆ. ರಾಬರ್ಟ್ ಸ್ಯೂವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಈ ವಿವರಣೆ ನಮ್ಮ ವಿದ್ವಾಂಸರಿಗೆ ಪರಿಚಿತವಾಗಿದೆ.

ಸಮುದ್ರಯಾನಕ್ಕೆ ಒಗ್ಗಿದ ಪಾಯಸನ ಕಣ್ಣಿಗೆ ಈ ಸುತ್ತಾಟ ಒಂದು ಕೊರತೆಯಾಗಿ ಕಂಡಿರುವುದು ಸಹಜ. ಆದರೆ ತುಂಗಭದ್ರೆಯ ಹರಿವನ್ನು ಬಲ್ಲವರಿಗೆ ಅದೇ ಗುಣವೆಂದು ತಿಳಿಯುತ್ತದೆ. ಬಂಡೆಗಳು ನೀರಿನ ಮಟ್ಟದಲ್ಲಿಯೇ ತಲೆಯೆತ್ತಿರುವ ನದಿಯಲ್ಲಿ ಚೂಪು ಮೂತಿಯ ದೋಣಿ ಬಂಡೆಗೆ ಬಡಿದರೆ ಪೆಟ್ಟೆಲ್ಲವೂ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ದುಂಡು ಹರಿಗೋಲು ತಗುಲಿದ ಬಂಡೆಯಿಂದ ತಿರುಗಿಕೊಂಡು ಸರಿದುಹೋಗುತ್ತದೆ. ಹೆಣೆದ ಬಿದಿರು ಮಣಿಯುತ್ತದೆ, ಮುರಿಯುವುದಿಲ್ಲ. ತಳ ಚಪ್ಪಟೆಯಾಗಿರುವುದರಿಂದ ಮೊಣಕಾಲುದ್ದದ ನೀರೂ ಸಾಕು. ಹುಟ್ಟು ಹಾಕುವವನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು ನೀರನ್ನು ತನ್ನತ್ತ ಎಳೆಯುತ್ತಾನೆ. ಆತ ಎಲ್ಲಿ ಕುಳಿತನೋ ಅದೇ ಆ ಹೊತ್ತಿನ ಮೂತಿ. ಹರಿಗೋಲಿಗೆ ಮೂತಿ ಇಲ್ಲ ಎನ್ನುವುದಕ್ಕಿಂತ ಅದರ ಸುತ್ತಳತೆಯೆಲ್ಲವೂ ಮೂತಿಯೇ ಎನ್ನುವುದು ಹೆಚ್ಚು ಸರಿ. ಆಕಾರವೊಂದು ವಿಚಿತ್ರವೆಂದು ತೋರಿದಾಗ, ಅದು ಯಾವ ನೀರಿಗಾಗಿ ಹುಟ್ಟಿದ್ದೆಂದು ಮೊದಲು ಕೇಳಬೇಕೆಂಬ ಪಾಠವನ್ನು ಹರಿಗೋಲು ಕಲಿಸುತ್ತದೆ.

2. ಹೆಡೆ ಯಾವ ತುದಿಯಲ್ಲಿದೆ?

ನೆರೆಯ ಕೇರಳದ ಚುಂಡನ್ ವಳ್ಳವನ್ನು ಹೊರಗಿನವರು 'ಹಾವಿನ ದೋಣಿ' ಎಂದು ಕರೆಯುತ್ತಾರೆ. ನೂರು ಅಡಿಗೂ ಮೀರಿದ ಉದ್ದದ, ಆಂಜಿಲಿ ಮರದಿಂದ, ಎಂದರೆ ನಮ್ಮ ಹೆಬ್ಬಲಸಿನಿಂದ ಕಟ್ಟುವ ಈ ದೋಣಿಯ ಒಂದು ತುದಿ ನೀರಿನಿಂದ ಬಹು ಎತ್ತರಕ್ಕೆ ಹೆಡೆಯಂತೆ ಏರಿರುತ್ತದೆ. ಚಿತ್ರದಲ್ಲಿ ನೋಡಿದ ಬಹುಪಾಲು ಜನ ಅದನ್ನೇ ದೋಣಿಯ ಮುಂಭಾಗವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಹಿಂಭಾಗ. ಉದ್ದ ಹುಟ್ಟುಗಳನ್ನು ಹಿಡಿದು ದಿಕ್ಕು ನಿಯಂತ್ರಿಸುವವರು ಅಲ್ಲಿ ನಿಲ್ಲುತ್ತಾರೆ. ಸಾಲಾಗಿ ಕುಳಿತ ನೂರಕ್ಕೂ ಹೆಚ್ಚು ಜನರ ತಲೆಯ ಮೇಲಿಂದ ಅವರಿಗೆ ಮುಂದಿನ ನೀರು ಕಾಣಬೇಕು. ನಿಜವಾದ ಮೂತಿ ತಗ್ಗಾಗಿ, ನೀಳವಾಗಿ, ಚೂಪಾಗಿ ನೀರಿನ ಮೇಲೆ ಚಾಚಿಕೊಂಡಿರುತ್ತದೆ. ಮಲಯಾಳದಲ್ಲಿ 'ಚುಂಡ್' ಎಂದರೆ ತುಟಿ, ಕೊಕ್ಕು. ಎಂದರೆ ಸ್ಥಳೀಯರು ದೋಣಿಗೆ ಹೆಸರಿಟ್ಟದ್ದು ಅದರ ಮೂತಿಯಿಂದ. ಹೊರಗಿನವರು ಹೆಸರಿಟ್ಟದ್ದು ಅದರ ಹಿಂತುದಿಯಿಂದ.

ಚೆಂಬಕಶ್ಶೇರಿ ಮತ್ತು ಕಾಯಂಕುಳಂ ಅರಸರ ಕಾದಾಟದ ಕಾಲದಲ್ಲಿ ಯುದ್ಧಕ್ಕಾಗಿ ಈ ದೋಣಿ ರೂಪುಗೊಂಡಿತೆಂಬ ಐತಿಹ್ಯ ಅಲ್ಲಿ ಪ್ರಚಲಿತವಾಗಿದೆ. ಕಿರಿದಾದ ಕಾಲುವೆ ಹಾಗೂ ಹಿನ್ನೀರಿನಲ್ಲಿ ಬಹು ಜನರನ್ನು ವೇಗವಾಗಿ ಒಯ್ಯಲು ನೀಳವಾದ ತಗ್ಗು ಮೂತಿ ಒದಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಇಲ್ಲಿ ಕಸುಬು ಮತ್ತು ಐತಿಹ್ಯ ಒಂದನ್ನೊಂದು ಪೋಷಿಸುತ್ತವೆ. ಆದರೆ ಇಂಗ್ಲಿಷಿನಿಂದ ಬಂದ ಹೆಸರೊಂದನ್ನೇ ನಂಬಿ ಹೆಡೆಯ ಸಂಕೇತಾರ್ಥವನ್ನು ಹುಡುಕಹೊರಟ ಸಂಶೋಧಕ ದೋಣಿಯ ಹಿಂದುಮುಂದನ್ನೇ ತಪ್ಪು ತಿಳಿಯುವ ಅಪಾಯವಿದೆ.

3. ಕಣ್ಣು ಮತ್ತು ತಲೆ

ಮೂತಿಗೆ ಕಣ್ಣು ಬರೆಯುವ ಪದ್ಧತಿ ಬಹು ವ್ಯಾಪಕವಾದುದು. ಅಥೆನ್ಸಿನ ಯುದ್ಧನೌಕೆಗಳ ಮೂತಿಗೆ ಅಮೃತಶಿಲೆಯ ಕಣ್ಣುಗಳನ್ನು ಕೂರಿಸುತ್ತಿದ್ದರು; ಅಂತಹ ಕಣ್ಣುಗಳು ಉತ್ಖನನಗಳಲ್ಲಿ ದೊರೆತಿವೆ. ಮಾಲ್ಟಾ ದ್ವೀಪದ ಮೀನು ದೋಣಿಗಳಲ್ಲಿ, ವಿಯೆಟ್ನಾಮಿನ ಮರದ ದೋಣಿಗಳಲ್ಲಿ ಇಂದಿಗೂ ಕಣ್ಣುಗಳನ್ನು ಕಾಣಬಹುದು. ಅಜಂತಾದ 2ನೆಯ ಗುಹೆಯ ಭಿತ್ತಿಚಿತ್ರದ ಹಡಗಿನ ಮೂತಿಯಲ್ಲಿಯೂ ಕಣ್ಣಿದೆ. ಈ ವಿಷಯವಾಗಿ 1923ರಲ್ಲಿ ವಿಸ್ತಾರವಾದ ಪ್ರಬಂಧ ಬರೆದ ಜೇಮ್ಸ್ ಹಾರ್ನೆಲ್ ಮದ್ರಾಸ್ ಪ್ರಾಂತದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದವರು. ಅಂದು ದಕ್ಷಿಣ ಕನ್ನಡವೂ ಆ ಪ್ರಾಂತಕ್ಕೇ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಭಾರತೀಯ ದೋಣಿಗಳ ಆಕಾರವನ್ನು ಕುರಿತ ಅವರ ಬರೆಹಗಳು ಇಂದಿಗೂ ಈ ಕ್ಷೇತ್ರದ ಆಧಾರ ಗ್ರಂಥಗಳಾಗಿವೆ.

ಕಣ್ಣಿನ ಮುಂದಿನ ಹಂತ ತಲೆ. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಎಂಬ ಸಂಸ್ಕೃತ ಗ್ರಂಥ ನೌಕೆಗಳ ಮೂತಿಗೆ ಸಿಂಹ, ಕೋಣ, ಹಾವು, ಆನೆ, ಹುಲಿ, ಪಕ್ಷಿ, ಕಪ್ಪೆ, ಮನುಷ್ಯ ಮುಂತಾದ ಮುಖಗಳನ್ನು ಹೇಳುತ್ತದೆ. ರಾಧಾಕುಮುದ ಮುಖರ್ಜಿಯವರು 1912ರಲ್ಲಿ ಪ್ರಕಟಿಸಿದ ಭಾರತೀಯ ನೌಕಾಯಾನದ ಇತಿಹಾಸದಲ್ಲಿ ಈ ಭಾಗವನ್ನು ಚರ್ಚಿಸಿದ್ದಾರೆ. ಇನ್ನೊಂದು ಕಡೆ, ನಾರ್ವೆಯ ಓಸೆಬರ್ಗ್‌ನಲ್ಲಿ 1904-05ರಲ್ಲಿ ಉತ್ಖನನಗೊಂಡ, 834ರಲ್ಲಿ ಹೂಳಲಾದ ನೌಕೆಯ ಮೂತಿ ಸುರುಳಿ ಸುತ್ತಿದ ಹಾವಿನ ತಲೆಯಾಗಿ ಮುಗಿಯುತ್ತದೆ.

ಈ ತಲೆಗಳು ಶತ್ರುವನ್ನು ಹೆದರಿಸಲು ಎಂದು ಸಾಮಾನ್ಯವಾಗಿ ಹೇಳಿ ಮುಂದೆ ಸಾಗುತ್ತೇವೆ. ಆದರೆ ಐಸ್‌ಲ್ಯಾಂಡಿನ ನೆಲೆಸುವಿಕೆಯನ್ನು ನಿರೂಪಿಸುವ 'ಲಾಂಡ್‌ನಾಮಾಬೋಕ್' ಗ್ರಂಥದಲ್ಲಿ ಉಲ್ಲೇಖಗೊಂಡಿರುವ ಪ್ರಾಚೀನ ಕಟ್ಟಳೆಯೊಂದು ಬೇರೆಯದನ್ನು ಸೂಚಿಸುತ್ತದೆ. ಬಾಯಿ ತೆರೆದ ತಲೆಯುಳ್ಳ ನೌಕೆಯನ್ನು ನೆಲದ ಹತ್ತಿರಕ್ಕೆ ತರಬಾರದು. ನೆಲ ಕಾಣುವ ಮುನ್ನವೇ ತಲೆಯನ್ನು ತೆಗೆದಿಡಬೇಕು. ಇಲ್ಲವಾದರೆ ಆ ನೆಲವನ್ನು ಕಾಯುವ ಚೇತನಗಳು ಬೆದರುತ್ತವೆ ಎಂಬುದು ಅದರ ತಾತ್ಪರ್ಯ. ಎಂದರೆ ಕಟ್ಟಳೆಯ ದೃಷ್ಟಿಯಲ್ಲಿ ಆ ತಲೆ ಹಾಕುವ ಮತ್ತು ತೆಗೆಯುವ ಮುಖವಾಗಿತ್ತು. ಅದನ್ನು ಎಲ್ಲಿ ಧರಿಸಬೇಕು, ಎಲ್ಲಿ ಧರಿಸಬಾರದು ಎಂಬ ನಿಯಮವಿತ್ತು. ನಮ್ಮ ಕರಾವಳಿಯ ಭೂತಾರಾಧನೆಯಲ್ಲಿ ಲೋಹದ ಮುಖವಾಡವನ್ನು ಹೊರತೆಗೆಯುವ, ಧರಿಸುವ, ಮತ್ತೆ ಭಂಡಾರದಲ್ಲಿ ಇಡುವ ಕ್ರಮವನ್ನು ಕಂಡವರಿಗೆ ಈ ಭಾವನೆ ಅಪರಿಚಿತವೆನಿಸದು. ಇವೆರಡರ ನಡುವೆ ಚಾರಿತ್ರಿಕ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಮುಖವೊಂದಕ್ಕೆ ಶಕ್ತಿಯಿದೆಯೆಂದು ನಂಬಿದ ಸಮಾಜ ಅದರ ಬಳಕೆಗೆ ಮಿತಿಯನ್ನೂ ಹಾಕುತ್ತದೆ ಎಂಬ ಸಮಾನತೆಯನ್ನು ಮಾತ್ರ ಸೂಚಿಸುತ್ತಿದ್ದೇನೆ. ಇಂತಹ ಕಡೆ ಕಥನದ ಕಾರಣವನ್ನು ಬಿಟ್ಟು ಆಕಾರವನ್ನಷ್ಟೇ ಅಳೆದರೆ ಅರ್ಧ ವಸ್ತು ಕೈತಪ್ಪುತ್ತದೆ.

4. ಆರು ಹಲ್ಲುಗಳ ಕಥೆ

ಕಥನ ಕಾರಣವು ಕಸುಬಿನ ಕಾರಣವನ್ನು ಮರೆಮಾಡಿದ ಪ್ರಸಿದ್ಧ ಉದಾಹರಣೆ ವೆನಿಸ್ ನಗರದ ಗೊಂಡೋಲಾ. ಸುಮಾರು 11 ಮೀಟರ್ ಉದ್ದದ ಈ ಕಪ್ಪು ದೋಣಿಯ ಮೂತಿಯಲ್ಲಿ 'ಫೆರ್ರೊ', ಎಂದರೆ ಕಬ್ಬಿಣ, ಎಂದು ಕರೆಯುವ ಲೋಹದ ಭಾಗವಿದೆ. ಅದರಲ್ಲಿ ಮುಂದಕ್ಕೆ ಚಾಚಿದ ಆರು ಹಲ್ಲುಗಳು, ಹಿಂದಕ್ಕೆ ಚಾಚಿದ ಒಂದು ಹಲ್ಲು. ಆರು ಹಲ್ಲುಗಳು ನಗರದ ಆರು ವಿಭಾಗಗಳು, ಹಿಂದಿನದು ಜ್ಯೂದೆಕ್ಕ ದ್ವೀಪ, ಮೇಲಿನ ಬಾಗು ಅಲ್ಲಿನ ಅಧಿಪತಿಯಾದ ಡೋಜನ ಟೊಪ್ಪಿಗೆ ಎಂದು ಪ್ರವಾಸಿಗರಿಗೆ ವಿವರಿಸಲಾಗುತ್ತದೆ.

ವಿವರಣೆ ಸೊಗಸಾಗಿದೆ. ಆದರೆ 15ನೆಯ ಶತಮಾನದ ಕೊನೆಯ ಭಾಗದಲ್ಲಿ ವಿತ್ತೋರೆ ಕಾರ್ಪಾಚ್ಚೊ ಬರೆದ ವರ್ಣಚಿತ್ರದಲ್ಲಿ ಕಾಣುವ ಗೊಂಡೋಲಾಗಳಿಗೆ ಇಂದಿನ ಬಾಚಣಿಗೆಯಂತಹ ಮೂತಿಯಿಲ್ಲ. ನಗರದ ಆರು ವಿಭಾಗಗಳು ಅದಕ್ಕೂ ಹಿಂದಿನವು. ಆಕಾರ ನಿಧಾನವಾಗಿ ಬೆಳೆದು ನಿಂತ ಮೇಲೆ ಕಥೆ ಅದರ ಹಲ್ಲುಗಳನ್ನು ಎಣಿಸಿದೆ ಎಂದು ಭಾವಿಸುವುದು ಯುಕ್ತ. ಕಬ್ಬಿಣಕ್ಕೆ ಕಸುಬಿನ ಕಾರಣವೂ ಇದೆ. ಹುಟ್ಟು ಹಾಕುವವನು ಹಿಂತುದಿಯಲ್ಲಿ ನಿಂತಿರುತ್ತಾನೆ. ಅವನ ಭಾರಕ್ಕೆ ಎದುರುಭಾರವಾಗಿ ಮೂತಿಯಲ್ಲಿ ಲೋಹ ಬೇಕು. ಒಂದೇ ಹುಟ್ಟನ್ನು ಬಲಬದಿಯಲ್ಲಿ ಹಾಕುವುದರಿಂದ ದೋಣಿ ಎಡಕ್ಕೆ ತಿರುಗಬಾರದೆಂದು ಅದರ ಎಡಭಾಗವನ್ನು ಬಲಭಾಗಕ್ಕಿಂತ ಸುಮಾರು 24 ಸೆಂಟಿಮೀಟರ್ ಅಗಲವಾಗಿ ಕಟ್ಟುತ್ತಾರೆ. ಮೂತಿಯ ಭಾರ, ಒಡಲಿನ ಓರೆ, ನಿಂತವನ ಸ್ಥಾನ ಇವು ಮೂರೂ ಒಂದೇ ಲೆಕ್ಕದ ಭಾಗಗಳು. ಆರು ಹಲ್ಲುಗಳ ಕಥೆ ಈ ಲೆಕ್ಕವನ್ನು ಹೇಳುವುದಿಲ್ಲ. ಹಾಗೆಂದು ಕಥೆಯನ್ನು ಸುಳ್ಳೆಂದು ತಳ್ಳುವುದೂ ಜಾನಪದ ವಿದ್ವಾಂಸನ ಕೆಲಸವಲ್ಲ. ನಗರವೊಂದು ತನ್ನ ದೋಣಿಯಲ್ಲಿ ತನ್ನ ನಕ್ಷೆಯನ್ನು ಕಂಡುಕೊಂಡಿತು ಎಂಬುದು ಬೇರೊಂದು ಬಗೆಯ ಸತ್ಯ.

5. ನೌಕಾಪಡೆಗಳ ಐತಿಹ್ಯ

ಕಥೆಯನ್ನು ನಂಬಿ ಆಕಾರವನ್ನು ಉಳಿಸಿಕೊಳ್ಳುವವರು ಜನಪದರು ಮಾತ್ರ, ವಿದ್ಯಾವಂತರು ಲೆಕ್ಕವನ್ನು ನಂಬುತ್ತಾರೆ ಎಂಬ ಭಾವನೆ ನಮ್ಮಲ್ಲಿದೆ. ತಿವಿಯುವ ಮೂತಿಯ ಇತಿಹಾಸ ಈ ಭಾವನೆಯನ್ನು ಅಲುಗಿಸುತ್ತದೆ. ಪ್ರಾಚೀನ ಮೆಡಿಟರೇನಿಯನ್ ಯುದ್ಧನೌಕೆಗಳು ಮೂತಿಯಲ್ಲಿ ನೀರಿನ ಮಟ್ಟದಲ್ಲಿ ಕಂಚಿನ ಕೊಂಬನ್ನು ಹೊತ್ತಿರುತ್ತಿದ್ದವು. ಇಸ್ರೇಲಿನ ಅತ್ಲಿತ್ ಬಳಿ 1980ರಲ್ಲಿ ದೊರೆತ ಅಂತಹ ಒಂದು ಕೊಂಬು 465 ಕಿಲೋ ತೂಗುತ್ತದೆ. ಹುಟ್ಟುಗಾರರ ಬಲದಿಂದ ಓಡುವ, ಫಿರಂಗಿಯಿಲ್ಲದ ಕಾಲದಲ್ಲಿ ಅದು ಸಾರ್ಥಕವಾದ ಆಯುಧವಾಗಿತ್ತು. ಕಾಲಕ್ರಮೇಣ ಮರೆಯಾಯಿತು.

1866ರ ಜುಲೈ 20ರಂದು ಆಡ್ರಿಯಾಟಿಕ್ ಸಮುದ್ರದ ಲಿಸ್ಸಾ ಕದನದಲ್ಲಿ ಆಸ್ಟ್ರಿಯಾದ ಧ್ವಜನೌಕೆ ಇಟಲಿಯ 'ರೆ ದಿತಾಲಿಯಾ' ಎಂಬ ಕಬ್ಬಿಣದ ಕವಚದ ಹಡಗನ್ನು ತಿವಿದು ಕೆಲವೇ ನಿಮಿಷಗಳಲ್ಲಿ ಮುಳುಗಿಸಿತು. ಆ ಹಡಗಿನ ಚುಕ್ಕಾಣಿ ಮೊದಲೇ ಕೆಟ್ಟು ಅದು ಬಹುಮಟ್ಟಿಗೆ ನಿಂತಲ್ಲೇ ನಿಂತಿತ್ತು ಎಂಬ ವಿವರ ಹಿಂದೆ ಸರಿಯಿತು. ತಿವಿತ ಗೆದ್ದಿತು ಎಂಬ ಕಥೆ ಉಳಿಯಿತು. ಮುಂದಿನ ಹಲವು ದಶಕಗಳ ಕಾಲ ಯುರೋಪಿನ ನೌಕಾಪಡೆಗಳು ಹಡಗುಗಳಿಗೆ ಮುಂದಕ್ಕೆ ಚಾಚಿದ ತಿವಿಮೂತಿಗಳನ್ನು ಕಟ್ಟಿದವು. ಅವು ಸ್ವಪಕ್ಷದ ಹಡಗುಗಳಿಗೇ ಮೃತ್ಯುವಾದವು. 1875ರಲ್ಲಿ ಬ್ರಿಟನ್ನಿನ 'ವ್ಯಾನ್‌ಗಾರ್ಡ್', 1878ರಲ್ಲಿ ಜರ್ಮನಿಯ 'ಗ್ರೋಸರ್ ಕುರ್‌ಫ್ಯೂರ್ಸ್ಟ್' ತಮ್ಮದೇ ಜೊತೆಗಾರ ಹಡಗುಗಳ ಮೂತಿಗೆ ಸಿಕ್ಕಿ ಮುಳುಗಿದವು. 1893ರ ಜೂನ್ 22ರಂದು ಈಗಿನ ಲೆಬನಾನಿನ ಟ್ರಿಪೊಲಿ ಬಳಿ ಸಮರಾಭ್ಯಾಸದ ವೇಳೆ 'ಕ್ಯಾಂಪರ್‌ಡೌನ್' ಹಡಗಿನ ಮೂತಿ ತಗುಲಿ 'ವಿಕ್ಟೋರಿಯಾ' ಮುಳುಗಿತು. ಅಡ್ಮಿರಲ್ ಟ್ರಯನ್ ಸೇರಿದಂತೆ 358 ಜನ ಸತ್ತರು. ಹರಿಗೋಲು ಕಟ್ಟುವವನ ಆಕಾರವನ್ನು ನದಿ ಪ್ರತಿದಿನವೂ ಪರೀಕ್ಷಿಸುತ್ತದೆ. ನೌಕಾಪಡೆಗಳ ಆಕಾರವನ್ನು ಮಾತ್ರ ಒಂದು ದಿನದ ಕಥೆ ದೀರ್ಘ ಕಾಲ ಆಳಿತು.

6. ನೀರಿನೊಳಗಿನ ಗೆಡ್ಡೆ

ಈ ಕಥೆಗೆ ಒಂದು ಉತ್ತರಭಾಗವಿದೆ. ತಿವಿಮೂತಿಯ ಹಡಗುಗಳ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಪರೀಕ್ಷಿಸಿದಾಗ, ನೀರಿನೊಳಗೆ ಉಬ್ಬಿದ ಮೂತಿಯಿಂದ ಹಡಗಿನ ಓಟ ಸುಲಭವಾಗುತ್ತದೆಂದು ತಿಳಿದುಬಂದಿತು. ಅಮೆರಿಕದ ನೌಕಾ ತಜ್ಞ ಡೇವಿಡ್ ಟೇಲರ್ ಈ ತತ್ತ್ವವನ್ನು 1910ರಲ್ಲಿ ಸೇವೆಗೆ ಸೇರಿದ 'ಡೆಲವೇರ್' ಯುದ್ಧನೌಕೆಯಲ್ಲಿ ಅಳವಡಿಸಿದರು. ಮುಂದೆ ಟೋಕಿಯೊ ವಿಶ್ವವಿದ್ಯಾಲಯದ ತಕಾವೊ ಇನುಯಿ ಅವರ ಸಂಶೋಧನೆಗಳಿಂದ ಅದು ವ್ಯಾಪಾರಿ ಹಡಗುಗಳಿಗೂ ಹರಡಿತು. ಹಡಗು ಓಡುವಾಗ ಅದರ ಮೂತಿ ನೀರನ್ನು ತಳ್ಳಿ ಒಂದು ಅಲೆಯನ್ನು ಎಬ್ಬಿಸುತ್ತದೆ; ಆ ಅಲೆಗೆ ವ್ಯಯವಾಗುವುದು ಹಡಗಿನದೇ ಇಂಧನ. ಮುಂದಕ್ಕೆ ಚಾಚಿದ ಗೆಡ್ಡೆಯಾಕಾರದ ಉಬ್ಬು ತನ್ನದೇ ಇನ್ನೊಂದು ಅಲೆಯನ್ನು ಎಬ್ಬಿಸುತ್ತದೆ. ಒಂದರ ತಗ್ಗು ಇನ್ನೊಂದರ ಉಬ್ಬಿನ ಮೇಲೆ ಬೀಳುವಂತಿದ್ದರೆ ಎರಡೂ ಶಮನವಾಗುತ್ತವೆ. ಇದರಿಂದ ದೊಡ್ಡ ಹಡಗುಗಳಲ್ಲಿ ಸಾಮಾನ್ಯವಾಗಿ ಶೇ. 12ರಿಂದ 15ರಷ್ಟು ಇಂಧನ ಉಳಿಯುತ್ತದೆಂದು ಹೇಳಲಾಗುತ್ತದೆ. ಕೊಲ್ಲುವ ಕಸುಬು ಕಳೆದುಕೊಂಡ ಆಕಾರ ಹೀಗೆ ಇನ್ನೊಂದು ಕಸುಬನ್ನು ಪಡೆಯಿತು.

ಆದರೆ ಈ ಉಬ್ಬು ಒಂದು ನಿರ್ದಿಷ್ಟ ವೇಗಕ್ಕೆ ಮಾತ್ರ ಹೊಂದುತ್ತದೆ. 2008ರ ಆರ್ಥಿಕ ಕುಸಿತದ ಬಳಿಕ ಹಡಗುಗಳು ಇಂಧನ ಉಳಿಸಲು ನಿಧಾನವಾಗಿ ಚಲಿಸತೊಡಗಿದಾಗ, ವೇಗಕ್ಕೆಂದು ರೂಪಿಸಿದ ಉಬ್ಬುಗಳು ಭಾರವಾದವು. ಕೆಲವು ಕಂಪನಿಗಳು ಅವನ್ನು ಕತ್ತರಿಸಿ ಹೊಸ ಮೂತಿಗಳನ್ನು ಜೋಡಿಸಿದವು. 2006ರಲ್ಲಿ ನಾರ್ವೆಯ ಉಲ್‌ಸ್ಟೈನ್ ಸಂಸ್ಥೆ ಕಟ್ಟಿದ 'ಬೌರ್ಬನ್ ಓರ್ಕಾ' ಹಡಗಿನ ಮೂತಿ ತಲೆಕೆಳಗಾದಂತೆ ಹಿಂದಕ್ಕೆ ಬಾಗಿದೆ; ಎದುರಿನ ದೊಡ್ಡ ಅಲೆಗಳಿಗೆ ಹಡಗು ಕುಪ್ಪಳಿಸಿ ಅಪ್ಪಳಿಸುವುದನ್ನು ತಗ್ಗಿಸುವುದು ಅದರ ಉದ್ದೇಶ. ನಮ್ಮ ದಂಡೆಯ ದೋಣಿ ಅಲೆಯ ಮೇಲೆ ಏರುವುದಕ್ಕಾಗಿ ಮೂತಿಯನ್ನು ಎತ್ತಿದರೆ, ಉತ್ತರ ಸಮುದ್ರದ ಹಡಗು ಅಲೆಯನ್ನು ಸೀಳಿ ಸಾಗುವುದಕ್ಕಾಗಿ ಅದನ್ನು ಹಿಂದಕ್ಕೆ ಬಾಗಿಸುತ್ತದೆ. ಇವೆರಡರಲ್ಲಿ ಮೇಲು ಕೀಳು ಎಂಬುದಿಲ್ಲ. ಒಂದನ್ನು ನಾಲ್ಕು ಜನ ಮರಳಿನಿಂದ ನೂಕಬೇಕು, ಇನ್ನೊಂದನ್ನು ಯಂತ್ರ ನಡೆಸುತ್ತದೆ.

7. ಸಮಾರೋಪ

ಮೇಲಿನ ಉದಾಹರಣೆಗಳಿಂದ ಹೊರಡುವ ನಿಲುವು ಇಷ್ಟು. ಮೂತಿಯ ಆಕಾರ ಒಂದು ನೀರಿಗೆ, ಒಂದು ದಡಕ್ಕೆ, ಒಂದು ವೇಗಕ್ಕೆ, ಒಂದು ಬಗೆಯ ಕೈಗಳಿಗೆ ಕೊಟ್ಟ ಉತ್ತರ. ಆ ಪರಿಸರ ಬದಲಾದರೆ ಆಕಾರ ತನ್ನ ಕಸುಬನ್ನು ಕಳೆದುಕೊಳ್ಳುತ್ತದೆ. ಆಗ ಅದು ಅಳಿಯುತ್ತದೆ, ಇಲ್ಲವೇ ಹೊಸ ಕಸುಬನ್ನು ಹಿಡಿಯುತ್ತದೆ, ಇಲ್ಲವೇ ಕಥೆಯ ಆಶ್ರಯದಲ್ಲಿ ಅಲಂಕಾರವಾಗಿ ಉಳಿಯುತ್ತದೆ. ಆದ್ದರಿಂದ 'ಅಲಂಕಾರ' ಎಂಬುದು ಅಧ್ಯಯನದ ಆರಂಭದಲ್ಲಿ ಬರೆಯುವ ಪದವಲ್ಲ. ಉಳಿದ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಬರೆಯಬಹುದಾದ ಪದ.

ಕರ್ನಾಟಕದ ಕರಾವಳಿಯಲ್ಲಿ ಈ ಮಾತಿಗೆ ತುರ್ತಿದೆ. ಕಳೆದ ಕೆಲವು ದಶಕಗಳಲ್ಲಿ ಮರದ ದೋಣಿಗಳ ಜಾಗದಲ್ಲಿ ಫೈಬರ್ ದೋಣಿಗಳು ಬಂದಿವೆ. ಅವು ಹಗುರ, ಬಾಳಿಕೆಯುಳ್ಳವು, ಮೀನುಗಾರರಿಗೆ ಅನುಕೂಲಕರ. ಅವನ್ನು ದೂರುವುದು ಅನುಚಿತ. ಆದರೆ ಫೈಬರ್ ದೋಣಿ ಅಚ್ಚಿನಿಂದ ಬರುತ್ತದೆ. ಅಚ್ಚು ಒಮ್ಮೆ ಸಿದ್ಧವಾದ ಮೇಲೆ, ಈ ದಡದ ಅಲೆ ಹೇಗೆ ಒಡೆಯುತ್ತದೆ ಎಂದು ಪ್ರತಿ ದೋಣಿಗೂ ಯಾರೂ ಕೇಳಬೇಕಾಗಿಲ್ಲ. ಆ ಪ್ರಶ್ನೆಗೆ ಉತ್ತರ ಬಲ್ಲ ಬಡಗಿಗಳ ತಲೆಮಾರು ಮುಗಿಯುತ್ತಿದೆ. ಹಳೆಯ ದೋಣಿಗಳನ್ನು ವಸ್ತುಸಂಗ್ರಹಾಲಯಗಳಿಗೆ ತಂದು ನಿಲ್ಲಿಸುವುದು ಸ್ತುತ್ಯ ಕಾರ್ಯವೇ. ಆದರೆ ಅದರ ಪಕ್ಕದ ಫಲಕದಲ್ಲಿ ಉದ್ದ, ಅಗಲ, ಮರದ ಜಾತಿಗಳ ಜೊತೆಗೆ ಈ ಮೂತಿ ಯಾವ ಅಲೆಗೆ, ಯಾವ ದಡಕ್ಕೆ, ಎಷ್ಟು ಜನರ ಕೈಗೆ ಎಂಬುದೂ, ಅದನ್ನು ಕುರಿತು ಊರು ಏನು ಹೇಳುತ್ತಿತ್ತು ಎಂಬುದೂ ಇರಬೇಕು. ಅದನ್ನು ಕೇಳಿ ಬರೆದುಕೊಳ್ಳಲು ದಂಡೆಗೇ ಹೋಗಬೇಕು, ಅದೂ ಹೇಳುವವರು ಇರುವಾಗಲೇ.

ನನ್ನ ಅಂದಿನ ಟಿಪ್ಪಣಿ ಪುಸ್ತಕ ಇಂದಿಗೂ ನನ್ನಲ್ಲಿದೆ. 'ಅಲಂಕಾರ' ಎಂಬ ಪದದ ಮೇಲೆ ಒಂದು ಅಡ್ಡಗೆರೆ, ಪಕ್ಕದಲ್ಲಿ ಆಚಾರ್ರು ಮರಳಿನ ಮೇಲೆ ಎಳೆದ ಅಲೆಯ ಪ್ರತಿ. ಅವರು ಈಗ ಇಲ್ಲ. ಅವರು ಆ ದಿನ ಹೇಳಿದ ಎರಡು ಮಾತುಗಳಲ್ಲಿ ಒಂದನ್ನು ಲೆಕ್ಕದಿಂದ ಪರಿಶೀಲಿಸಬಹುದು, ಇನ್ನೊಂದನ್ನು ಪರಿಶೀಲಿಸಲಾಗದು. ಎರಡನ್ನೂ ದಾಖಲಿಸಿದ್ದೇನೆ.